ಥ್ರಿಲ್ಲರ್ ಚಿತ್ರಗಳ ಪೀಠಿಕಾ ಪ್ರಕರಣ

1960ರಲ್ಲಿ ‘ಸೈಕೋ’ ಬಿಡುಗಡೆಯಾದಾಗ ಆಲ್‌ಫ್ರೆಡ್ ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಒಂದು ಕಟ್ಟುನಿಟ್ಟಾದ ನಿಯಮ ವಿಧಿಸಿದ. ಆಟ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡುವಂತಿಲ್ಲ. ನಡುವೆ ಎಂದಾದರೂ ಬಂದು ಕುಳಿತು, ಮುಂದಿನ ಆಟದಲ್ಲಿ ತಾವು ಬಂದ ಭಾಗದವರೆಗೆ ನೋಡಿ ಎದ್ದುಹೋಗುವುದು ಅಂದಿನ ಅಮೆರಿಕದ ಪ್ರೇಕ್ಷಕರ ರೂಢಿಯಾಗಿತ್ತು. ನಿಯಮಕ್ಕೆ ವ್ಯಾವಹಾರಿಕ ಕಾರಣವೂ ಇತ್ತು. ಚಿತ್ರದ ಪ್ರಮುಖ ತಾರೆ ಜಾನೆಟ್ ಲೀ ಅರ್ಧ ಚಿತ್ರ ಮುಗಿಯುವ ಮೊದಲೇ ಕೊಲೆಯಾಗಿರುತ್ತಾಳೆ. ತಡವಾಗಿ ಬಂದವನು ಆಕೆಗಾಗಿ ಕೊನೆಯವರೆಗೂ ಕಾದು ಕುಳಿತಾನು. ಆದರೆ ಈ ನಿಯಮದಿಂದ ಇನ್ನೊಂದು ಫಲವೂ ಉಂಟಾಯಿತು. ಸಾಲ್ ಬ್ಯಾಸ್ ರಚಿಸಿದ ಶೀರ್ಷಿಕಾ ಭಾಗವನ್ನು, ಎಂದರೆ ಕನ್ನಡದ ಪ್ರೇಕ್ಷಕರು ‘ಟೈಟಲ್ ಕಾರ್ಡ್’ ಎನ್ನುವ ಆ ಮೊದಲ ನಿಮಿಷಗಳನ್ನು, ಪ್ರತಿಯೊಬ್ಬನೂ ನೋಡಲೇಬೇಕಾಯಿತು.

ಇಂದು ಕಾಲ ತಿರುಗಿದೆ. 2017ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಧಾರಾವಾಹಿಗಳಿಗೆ ಪರಿಚಯ ಭಾಗವನ್ನು ದಾಟಿ ಹೋಗುವ ಗುಂಡಿಯನ್ನು ಒದಗಿಸಿತು. ಇತರ ವೇದಿಕೆಗಳೂ ಅದೇ ದಾರಿ ಹಿಡಿದವು. ಹೆಸರುಗಳ ಪಟ್ಟಿ ಕಥೆಯಲ್ಲ, ಅದನ್ನು ಬಿಟ್ಟರೆ ನಷ್ಟವಿಲ್ಲ ಎಂಬ ಭಾವನೆ ಈ ಗುಂಡಿಯ ಹಿಂದಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಭಾವನೆ ಅಪರಿಚಿತವಲ್ಲ. ಹಳಗನ್ನಡ ಕಾವ್ಯಗಳಿಂದ ಪಠ್ಯಕ್ಕೆ ಭಾಗಗಳನ್ನು ಆಯುವಾಗ ಮೊದಲು ಕತ್ತರಿ ಬೀಳುವುದು ಪೀಠಿಕಾ ಪ್ರಕರಣಕ್ಕೆ. ಜಿನಸ್ತುತಿ, ಪೂರ್ವಕವಿ ಸ್ಮರಣೆ, ಕುಕವಿನಿಂದೆ, ಆಶ್ರಯದಾತನ ಪ್ರಶಂಸೆ ಇವೆಲ್ಲ ರೂಢಿಯ ಮಾತುಗಳೆಂದೂ ಕಾವ್ಯ ಅದರ ಅನಂತರ ಆರಂಭವಾಗುತ್ತದೆಂದೂ ತಿಳಿಯಲಾಗುತ್ತದೆ. ಎರಡು ಕಡೆಯೂ ತಪ್ಪು ಒಂದೇ. ರೂಢಿಯ ಮಾತಿನೊಳಗೆ ಕಥೆಯನ್ನು ಗ್ರಹಿಸುವ ಕ್ರಮ ಅಡಗಿರುತ್ತದೆ. ಥ್ರಿಲ್ಲರ್ ಚಿತ್ರದಲ್ಲಂತೂ ಅದು ಮತ್ತೆಲ್ಲಿಯೂ ದೊರೆಯದು.

ದಂಡಿ ‘ಕಾವ್ಯಾದರ್ಶ’ದಲ್ಲಿ ಮಹಾಕಾವ್ಯದ ಆರಂಭಕ್ಕೆ ಆಶೀರ್ವಚನ, ನಮಸ್ಕಾರ, ವಸ್ತುನಿರ್ದೇಶ ಎಂಬ ಮೂರು ಮಾರ್ಗಗಳನ್ನು ಹೇಳುತ್ತಾನೆ. ಥ್ರಿಲ್ಲರ್‌ಗೆ ತೊಡಕಾಗುವುದು ಮೂರನೆಯದು. ಪುರಾಣದ ಕವಿ ತಾನು ಯಾರ ಚರಿತೆಯನ್ನು ಹೇಳಲಿದ್ದೇನೆಂದು ಮೊದಲೇ ಸಾರಬಹುದು, ಏಕೆಂದರೆ ಕೇಳುಗನಿಗೆ ಕಥೆ ಗೊತ್ತು. ಕೊಲೆಗಾರನನ್ನು ಬಚ್ಚಿಡಬೇಕಾದ ನಿರ್ದೇಶಕ ವಸ್ತುವನ್ನು ನಿರ್ದೇಶಿಸಿದರೆ ಕಥೆಯೇ ಸತ್ತಿತು. ನಿರ್ದೇಶಿಸದಿದ್ದರೆ ಪ್ರೇಕ್ಷಕ ದಿಕ್ಕಿಲ್ಲದೆ ಕುಳಿತ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯೇ ಒಳ್ಳೆಯ ಶೀರ್ಷಿಕಾ ಭಾಗ. ವಸ್ತು ಯಾವುದೆಂದು ಅದು ಬಾಯಿಬಿಡುವುದಿಲ್ಲ, ವಸ್ತುವಿನ ಆಕಾರವನ್ನು ಮಾತ್ರ ತೋರಿಸುತ್ತದೆ. ಆಲಂಕಾರಿಕರ ಪರಿಭಾಷೆಯಲ್ಲಿ ಇದು ವಾಚ್ಯವಾಗದೆ ವ್ಯಂಗ್ಯವಾಗಿ ಉಳಿಯುವ ವಸ್ತುನಿರ್ದೇಶ.

‘ಸೈಕೋ’ದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬೂದು ಬಣ್ಣದ ಪಟ್ಟಿಗಳು ಅಡ್ಡಕ್ಕೂ ಉದ್ದಕ್ಕೂ ನುಗ್ಗುತ್ತವೆ. ಅಕ್ಷರಗಳು ಸೀಳಿ, ಒಂದಕ್ಕೊಂದು ಹೊಂದದೆ ನಿಂತು, ಕ್ಷಣಮಾತ್ರ ಕೂಡಿ, ಮತ್ತೆ ಒಡೆಯುತ್ತವೆ. ಬರ್ನಾರ್ಡ್ ಹರ್ಮನ್‌ನ ಸಂಗೀತದಲ್ಲಿ ತಂತಿವಾದ್ಯಗಳ ಹೊರತು ಮತ್ತೊಂದಿಲ್ಲ. ಒಡೆದ ಮನಸ್ಸಿನ ಕಥೆಯಿದು ಎಂದು ಎಲ್ಲಿಯೂ ಹೇಳಿಲ್ಲ, ಆದರೆ ಒಡಕನ್ನು ಕಣ್ಣು ಆಗಲೇ ಅಭ್ಯಾಸ ಮಾಡಿಕೊಂಡಿದೆ. ತಾರಾಪಟ್ಟಿಯಲ್ಲಿಯೂ ಒಂದು ಚಮತ್ಕಾರವಿದೆ. ಕೊನೆಯಲ್ಲಿ ಬರುವ ಜಾನೆಟ್ ಲೀ ಹೆಸರಿಗೆ ಮಾತ್ರ ಪಾತ್ರದ ಹೆಸರನ್ನೂ ಸೇರಿಸಲಾಗಿದೆ. ಇವಳೇ ನಾಯಕಿ, ಇವಳನ್ನೇ ಹಿಂಬಾಲಿಸಿ ಎಂದು ಪಟ್ಟಿ ಭರವಸೆ ಕೊಡುತ್ತದೆ. ಸ್ನಾನದ ಮನೆಯಲ್ಲಿ ಆ ಭರವಸೆ ಮುರಿಯುತ್ತದೆ. ಹೆಸರಿನ ಪಟ್ಟಿ ಕಥೆಯ ಹೊರಗಿದೆ ಎಂಬ ನಂಬಿಕೆಯನ್ನೇ ಹಿಚ್‌ಕಾಕ್ ಬಲೆಯಾಗಿ ಬಳಸಿಕೊಂಡ.

ಇದಕ್ಕೆ ಎರಡು ವರ್ಷ ಮೊದಲಿನ ‘ವರ್ಟಿಗೋ’ (1958) ಇನ್ನೂ ಸೂಕ್ಷ್ಮವಾದ ಕೃತಿ. ಹೆಣ್ಣೊಬ್ಬಳ ಮುಖದ ಭಾಗಗಳು ತೆರೆಯನ್ನು ತುಂಬುತ್ತವೆ: ತುಟಿ, ಅತ್ತಿತ್ತ ಹೊರಳುವ ಕಣ್ಣುಗಳು, ಆಮೇಲೆ ಒಂದೇ ಕಣ್ಣು. ಚಿತ್ರದ ಹೆಸರು ಆ ಕಣ್ಣಿನೊಳಗಿಂದ ಹೊರಬರುತ್ತದೆ. ಅದರ ಬೆನ್ನಿಗೇ ಜಾನ್ ವಿಟ್ನಿ ರೂಪಿಸಿದ ಸುರುಳಿಗಳು ತಿರುಗತೊಡಗುತ್ತವೆ. ಮುಂದೆ ನಾಯಕಿಯ ತುರುಬಿನಲ್ಲಿ, ಗಂಟೆಗೋಪುರದ ಮೆಟ್ಟಿಲುಗಳಲ್ಲಿ, ಒಂದೇ ಹೆಣ್ಣನ್ನು ಎರಡು ಬಾರಿ ಕಳೆದುಕೊಳ್ಳುವ ಕಥೆಯ ಗತಿಯಲ್ಲಿ ಇದೇ ಸುರುಳಿ ಮರಳಿ ಬರುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಮುಖ ಚಿತ್ರದ ನಾಯಕಿ ಕಿಮ್ ನೊವಾಕ್‌ಳದಲ್ಲ, ಬೇರೊಬ್ಬಳದು. ಒಬ್ಬ ಹೆಣ್ಣಿನ ಸ್ಥಾನದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿ ವಂಚಿಸುವುದೇ ವಸ್ತುವಾದ ಚಿತ್ರದ ಪೀಠಿಕೆಯಲ್ಲಿ ಆ ವಂಚನೆ ಆಗಲೇ ನಡೆದುಹೋಗಿದೆ. ಉದ್ದೇಶವಿತ್ತೋ ಇಲ್ಲವೋ, ಸಹೃದಯನಿಗೆ ಧ್ವನಿಯಂತೂ ಕೇಳಿಸುತ್ತದೆ.

‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದ ಆರಂಭದಲ್ಲಿ ಹಸಿರು ತೆರೆಯ ಮೇಲೆ ಓರೆಗೆರೆಗಳು ಹೆಣೆದುಕೊಂಡು, ನೋಡುತ್ತಿದ್ದಂತೆ ಮ್ಯಾನ್‌ಹಟನ್‌ನ ಗಾಜಿನ ಕಟ್ಟಡವೊಂದರ ಮೈಯಾಗುತ್ತವೆ. ರಸ್ತೆಯ ವಾಹನಗಳು ಅದರಲ್ಲಿ ಬರೀ ಪ್ರತಿಬಿಂಬಗಳಾಗಿ ಚಲಿಸುತ್ತವೆ. ಇಲ್ಲದ ಗೂಢಚಾರನೊಬ್ಬನ ಹೆಸರಿನಲ್ಲಿ ಬೇಟೆಗೆ ಒಳಗಾಗುವ ಸಾಮಾನ್ಯ ಮನುಷ್ಯನ ಕಥೆಗೆ ಇದಕ್ಕಿಂತ ಮಿತವಾದ ಮುನ್ನುಡಿ ಸಿಗದು. ಭಾಗದ ಕೊನೆಗೆ ಹಿಚ್‌ಕಾಕ್ ತಾನೇ ಕಾಣಿಸಿಕೊಂಡು ಬಸ್ ತಪ್ಪಿಸಿಕೊಳ್ಳುತ್ತಾನೆ. ಕವಿ ತನ್ನ ಹೆಸರನ್ನು ಕಾವ್ಯದೊಳಗೆ ಇಡುವ ನಮ್ಮ ಅಂಕಿತದ ಸಂಪ್ರದಾಯವನ್ನು ಬಲ್ಲವರಿಗೆ ಇದರ ವಿನೋದ ಬೇಗ ತಿಳಿದೀತು.

ಬ್ಯಾಸ್‌ನ ಕಾಲದಲ್ಲಿ ಶೋಧನೆಯಾಗಿದ್ದುದು ಅನಂತರ ಸೂತ್ರವಾಯಿತು. ಹಾಗಾಗುವುದೇ ದೋಷವಲ್ಲ. 1962ರ ‘ಡಾ. ನೋ’ ಚಿತ್ರಕ್ಕಾಗಿ ಮಾರಿಸ್ ಬೈಂಡರ್ ರೂಪಿಸಿದ ಬಂದೂಕಿನ ನಳಿಗೆಯ ದೃಶ್ಯ ಬಾಂಡ್ ಸರಣಿಯುದ್ದಕ್ಕೂ ಉಳಿದುಬಂದಿದೆ. ವಿಚಿತ್ರವೆಂದರೆ ಆ ಮೊದಲ ದೃಶ್ಯದಲ್ಲಿ ನಡೆದು ಬಂದು ಗುಂಡು ಹಾರಿಸುವವನು ಶಾನ್ ಕಾನರಿಯಲ್ಲ, ಸಾಹಸ ಕಲಾವಿದ ಬಾಬ್ ಸಿಮನ್ಸ್. ಯಾರು ಎಂಬುದು ಅಲ್ಲಿ ಮುಖ್ಯವಲ್ಲ, ಮುದ್ರೆ ಮುಖ್ಯ. ಶ್ರವಣಬೆಳಗೊಳದ ಅನೇಕ ಶಾಸನಗಳು ಸ್ಯಾದ್ವಾದವನ್ನು ಸ್ತುತಿಸುವ ಒಂದೇ ಶ್ಲೋಕದಿಂದ ಆರಂಭವಾಗುತ್ತವೆ. ಓದುವವನು ಅಲ್ಲಿ ಹೊಸತನವನ್ನು ಹುಡುಕುವುದಿಲ್ಲ, ತಾನು ಯಾವ ಪರಂಪರೆಯ ಅಂಗಳದಲ್ಲಿದ್ದೇನೆಂದು ತಿಳಿದುಕೊಳ್ಳುತ್ತಾನೆ. ಅಹಿಂಸೆಯ ಶಾಸನವನ್ನು ಬಂದೂಕಿನ ಪಕ್ಕದಲ್ಲಿಡುವುದು ಔಚಿತ್ಯವೇ ಎಂದು ಕೇಳಬಹುದು. ಹೋಲಿಕೆ ಮುದ್ರೆಯ ಕಾರ್ಯಕ್ಕಷ್ಟೇ ಸೀಮಿತ.

ಆದರೆ ಮುದ್ರೆ ಬೇರೆ, ನಕಲು ಬೇರೆ. ಡೇವಿಡ್ ಫಿಂಚರ್ ಅವರ ‘ಸೆವೆನ್’ (1995) ಚಿತ್ರಕ್ಕೆ ಕೈಲ್ ಕೂಪರ್ ರಚಿಸಿದ ಶೀರ್ಷಿಕಾ ಭಾಗದಲ್ಲಿ ಮುಖವಿಲ್ಲದ ವ್ಯಕ್ತಿಯೊಬ್ಬ ಬ್ಲೇಡಿನಿಂದ ಬೆರಳ ತುದಿಯ ಚರ್ಮವನ್ನು ಹೆರೆಯುತ್ತಾನೆ, ಹಾಳೆಗಳನ್ನು ಹೊಲಿದು ಪುಸ್ತಕ ಕಟ್ಟುತ್ತಾನೆ, ಮುದ್ರಿತ ಸಾಲುಗಳಿಗೆ ಮಸಿ ಬಳಿಯುತ್ತಾನೆ, ಡಾಲರ್ ನೋಟಿನಿಂದ ದೇವರೆಂಬ ಪದವನ್ನು ಕತ್ತರಿಸಿ ತೆಗೆಯುತ್ತಾನೆ. ಹೆಸರುಗಳು ಫಿಲ್ಮಿನ ಮೇಲೆ ಕೈಯಿಂದ ಗೀಚಿದಂತಿವೆ. ಕೊಲೆಗಾರ ಚಿತ್ರದ ಉತ್ತರಾರ್ಧದವರೆಗೆ ಎದುರಿಗೆ ಬರುವುದಿಲ್ಲ, ಆದರೆ ಅವನ ಕೈಗಳನ್ನು ನಾವು ಮೊದಲೇ ನೋಡಿದ್ದೇವೆ. ಬೆರಳಚ್ಚು ಸಿಗದಿರುವುದರ ಕಾರಣವೂ ಅಲ್ಲೇ ಇದೆ. ಆ ಪಾತ್ರ ವಹಿಸಿದ ಕೆವಿನ್ ಸ್ಪೇಸಿ ಹೆಸರನ್ನು ಆರಂಭದ ಪಟ್ಟಿಯಿಂದ ಸಂಪೂರ್ಣವಾಗಿ ಕೈಬಿಡಲಾಗಿದೆ. ಪಟ್ಟಿ ನೋಡಿ ಅಪರಾಧಿಯನ್ನು ಊಹಿಸುವ ಚತುರ ಪ್ರೇಕ್ಷಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ದೊಡ್ಡ ನಟನಿಗೆ ಸಣ್ಣ ಪಾತ್ರ ಕೊಟ್ಟಿದ್ದರೆ ಕೊಲೆ ಮಾಡಿದವನು ಅವನೇ ಎಂಬ ತೀರ್ಮಾನ ನಮ್ಮ ಗಾಂಧಿನಗರದ ಚಿತ್ರಗಳ ಮಟ್ಟಿಗೆ ಅನೇಕ ಸಲ ನಿಜವೂ ಹೌದು. ಫಿಂಚರ್ ಆ ದಾರಿಯನ್ನು ಮುಚ್ಚಿದರು.

‘ಸೆವೆನ್’ ನಂತರದ ಸ್ಥಿತಿ ಶೋಚನೀಯ. ನಡುಗುವ ಅಕ್ಷರ, ಗೀರು ಬಿದ್ದ ಫಿಲ್ಮು, ಹಳದಿಗಟ್ಟಿದ ಪತ್ರಿಕಾ ತುಣುಕು, ಗೋಡೆಗೆ ಚುಚ್ಚಿದ ಭಾವಚಿತ್ರಗಳ ನಡುವೆ ಎಳೆದ ಕೆಂಪು ದಾರ ಇವು ಈಗ ಯಾವ ಭಾಷೆಯ ಥ್ರಿಲ್ಲರ್‌ಗಾದರೂ ಅಂಗಡಿಯಲ್ಲಿ ದೊರೆಯುವ ಸಿದ್ಧ ಉಡುಪು. ಕೊಲೆಗಾರ ಬರೆಯುವವನಲ್ಲದ ಕಥೆಗೆ ಗೀಚಿದ ಅಕ್ಷರವೇಕೆ? ತನಿಖೆಯೇ ಸರಿಯಾಗಿ ನಡೆಯದ ಚಿತ್ರದಲ್ಲಿ ಕೆಂಪು ದಾರ ಯಾವುದನ್ನು ಯಾವುದಕ್ಕೆ ಜೋಡಿಸುತ್ತದೆ? ಅಷ್ಟಾದಶ ವರ್ಣನೆಗಳನ್ನು ಲೆಕ್ಕ ತುಂಬಿಸಲು ತುರುಕಿದ ಕಾವ್ಯಗಳ ಬಗೆಗೆ ವಿಮರ್ಶಕರು ಆಡಿದ ಮಾತುಗಳೆಲ್ಲ ಇಲ್ಲಿಗೂ ಸಲ್ಲುತ್ತವೆ.

ಇದಕ್ಕಿಂತ ಹೆಚ್ಚು ಚರ್ಚೆಗೆ ಯೋಗ್ಯವಾದ ರೂಢಿ ಮತ್ತೊಂದಿದೆ. ಚಿತ್ರ ಒಂದು ಭೀಕರ ಘಟನೆಯಿಂದ ತೆರೆದುಕೊಳ್ಳುತ್ತದೆ. ರಕ್ತ, ಓಟ, ಗುಂಡಿನ ಸದ್ದು. ತೆರೆ ಕಪ್ಪಾಗಿ ‘ಆರು ತಿಂಗಳ ಹಿಂದೆ’ ಎಂಬ ಬರಹ. ಕೊನೆಯ ಘಟ್ಟದ ಒಂದು ಚೂರನ್ನು ಮುಂದೆ ತಂದು ಇಡುವ ಈ ಉಪಾಯ ಬಹುಮಟ್ಟಿಗೆ ಸಾಲದ ವ್ಯವಹಾರ. ಆರಂಭಕ್ಕೆ ತನ್ನದೇ ಆದ ಕುತೂಹಲವಿಲ್ಲದ್ದರಿಂದ ಅಂತ್ಯದಿಂದ ಕಡ ತರಲಾಗಿದೆ. ಆ ಚೂರನ್ನು ತೆಗೆದು ನೋಡಿದರೆ ಕಥೆಗೆ ಕೊರತೆಯೇನೂ ಆಗುವುದಿಲ್ಲ, ಅದೇ ಅದರ ನಿರರ್ಥಕತೆಗೆ ಸಾಕ್ಷಿ.

ಹಿನ್ನೋಟದ ತಂತ್ರ ಕನ್ನಡಕ್ಕೆ ಹೊರಗಿನಿಂದ ಬಂದದ್ದಲ್ಲ. ರನ್ನನು ಭಾರತ ಯುದ್ಧದ ಅಂತಿಮ ಘಟ್ಟದಲ್ಲಿ ನಿಂತು ಸಿಂಹಾವಲೋಕನ ಕ್ರಮದಿಂದ ಹಿಂದಿನದನ್ನೆಲ್ಲ ನೋಡಿದ. ಆದರೆ ಥ್ರಿಲ್ಲರ್‌ನ ಆರಂಭಕ್ಕೆ ನಿಜವಾದ ಪಾಠ ದೊರೆಯುವುದು 1209ರ ‘ಯಶೋಧರ ಚರಿತೆ’ಯಲ್ಲಿ. ಜನ್ನ ಯಶೋಧರನಿಂದ ಕಥೆ ಆರಂಭಿಸುವುದಿಲ್ಲ. ಮಾರಿದತ್ತನೆಂಬ ಅರಸ, ಚಂಡಮಾರಿಯ ಗುಡಿ, ಬಲಿಗಾಗಿ ಕೂಡಿಹಾಕಿದ ಪ್ರಾಣಿಗಳು, ನರಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರು, ಅರಸನ ಕೈಯಲ್ಲಿ ಕತ್ತಿ. ಆ ಎಳೆಯರಲ್ಲಿ ಅಂಜಿಕೆ ಕಾಣದಿರುವುದೇ ಕಥೆಯ ಮೊದಲ ರಹಸ್ಯ. ಅರಸ ಕಾರಣ ಕೇಳುತ್ತಾನೆ, ಅಭಯರುಚಿ ಹೇಳತೊಡಗುತ್ತಾನೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರ ಮತ್ತು ಅವನ ತಾಯಿ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಕೊಲ್ಲಿಸಿಕೊಂಡು ಬಂದ ವೃತ್ತಾಂತ ಬಿಚ್ಚಿಕೊಳ್ಳುತ್ತದೆ. ಈಗ ಕತ್ತಿಯ ಕೆಳಗೆ ನಿಂತಿರುವವರೇ ಅವರು. ಇಲ್ಲಿ ಮೊದಲ ದೃಶ್ಯವನ್ನು ತೆಗೆದುಹಾಕಿದರೆ ಕಥೆ ಹೇಳುವುದಕ್ಕೆ ಕಾರಣವೇ ಉಳಿಯದು, ಏಕೆಂದರೆ ಕತ್ತಿಯನ್ನು ತಡೆದಿರುವುದು ಕಥೆಯೇ. ಹೇಳಿ ಮುಗಿಯುವಷ್ಟರಲ್ಲಿ ಮಾರಿದತ್ತ ಮೊದಲಿನ ಮಾರಿದತ್ತನಾಗಿ ಉಳಿದಿಲ್ಲ.

ರುಡಾಲ್ಫ್ ಮಾಟೆಯ ‘ಡಿ.ಓ.ಎ.’ (1950) ಇದೇ ನ್ಯಾಯವನ್ನು ಬೇರೊಂದು ಲೋಕದಲ್ಲಿ ಪಾಲಿಸಿದೆ. ಒಬ್ಬ ಮನುಷ್ಯ ಬೆನ್ನು ತೋರಿಸಿ ಪೊಲೀಸ್ ಕಚೇರಿಯ ಉದ್ದನೆಯ ಮೊಗಸಾಲೆಗಳಲ್ಲಿ ನಡೆಯುತ್ತಿದ್ದಾನೆ; ಹೆಸರುಗಳು ಅವನ ಬೆನ್ನ ಮೇಲೆಯೇ ಮೂಡಿ ಮರೆಯಾಗುತ್ತವೆ. ಒಳಗೆ ಹೋಗಿ ಕೊಲೆಯೊಂದನ್ನು ವರದಿ ಮಾಡಬೇಕೆನ್ನುತ್ತಾನೆ. ಸತ್ತವರು ಯಾರೆಂಬ ಪ್ರಶ್ನೆಗೆ ತಾನೇ ಎಂದು ಉತ್ತರ. ವಿಷವೇರಿದ ಆತನಿಗೆ ಉಳಿದಿರುವುದು ಕಥೆ ಹೇಳಿ ಮುಗಿಸುವಷ್ಟು ಹೊತ್ತು ಮಾತ್ರ, ಮುಗಿಸಿದೊಡನೆ ಕುಸಿದು ಬೀಳುತ್ತಾನೆ. ಜನ್ನನಲ್ಲಿ ಕಥೆ ಮುಗಿದಾಗ ಪ್ರಾಣ ಉಳಿಯುತ್ತದೆ, ಇಲ್ಲಿ ಪ್ರಾಣ ಹೋಗುತ್ತದೆ. ದರ್ಶನಗಳು ಬೇರೆಯಾದರೂ ಆರಂಭದ ತರ್ಕ ಒಂದೇ.

ಸುಜಯ್ ಘೋಷ್ ಅವರ ‘ಕಹಾನಿ’ (2012) ಈ ಕಷ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಕೆಲವೇ ಭಾರತೀಯ ಚಿತ್ರಗಳಲ್ಲಿ ಒಂದು. ಪ್ರಯೋಗಾಲಯದಲ್ಲಿ ಸಾಯುವ ಇಲಿಗಳು, ಕೋಲ್ಕತ್ತದ ಮೆಟ್ರೋ ಬೋಗಿಯಲ್ಲಿ ವಿಷಾನಿಲಕ್ಕೆ ಬಲಿಯಾದ ಪ್ರಯಾಣಿಕರು, ಆಮೇಲೆ ಎರಡು ವರ್ಷಗಳ ಜಿಗಿತ, ಗಂಡನನ್ನು ಹುಡುಕಿಕೊಂಡು ವಿಮಾನದಿಂದಿಳಿಯುವ ಗರ್ಭಿಣಿ. ಎರಡೂ ಸಂಗತಿಗಳು ಪ್ರೇಕ್ಷಕನ ಮನಸ್ಸಿನಲ್ಲಿ ಬಹಳ ಹೊತ್ತು ಬೇರೆ ಬೇರೆಯಾಗಿಯೇ ಇರುತ್ತವೆ. ಮೊದಲ ದೃಶ್ಯ ಕಣ್ಣೆದುರೇ ಇದ್ದೂ ಮರೆತುಹೋಗುತ್ತದೆ. ಅದನ್ನು ಮರೆಯದವಳು ಅವಳೊಬ್ಬಳೇ.

ಜೈನ ಪ್ರಮಾಣಶಾಸ್ತ್ರ ಪರೋಕ್ಷ ಜ್ಞಾನವನ್ನು ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂದು ಐದಾಗಿ ವಿಂಗಡಿಸುತ್ತದೆ. ಮೊದಲಿನ ನಾಲ್ಕರ ಕ್ರಮ ಥ್ರಿಲ್ಲರ್ ಪ್ರೇಕ್ಷಕನ ಮನಸ್ಸಿನ ಕ್ರಮವೂ ಹೌದು: ಕಂಡದ್ದು ನೆನಪಾಗಬೇಕು, ‘ಅದೇ ಇದು’ ಎಂಬ ಗುರುತು ಹತ್ತಬೇಕು, ಎರಡರ ಸಂಬಂಧ ತಿಳಿಯಬೇಕು, ಆಮೇಲೆ ನಿರ್ಣಯ. ಸ್ಮೃತಿಗೆ ವಿಷಯ ಒದಗಿಸುವುದು ಆರಂಭದ ನಿಮಿಷಗಳು. ಅವನ್ನು ಹಾರಿ ಬಂದವನಿಗೆ ನೆನಪಿಟ್ಟುಕೊಳ್ಳಲು ಏನೂ ಇಲ್ಲ, ಹೀಗಾಗಿ ಗುರುತು ಹತ್ತುವ ಸುಖವೂ ಇಲ್ಲ. ಕನ್ನಡದ ಥ್ರಿಲ್ಲರ್‌ಗಳಿಗೆ ಗಟ್ಟಿ ನೆಲೆ ಒದಗಿಸಿದ ಸುನಿಲ್ ಕುಮಾರ್ ದೇಸಾಯಿ ಅವರು ತಮ್ಮ ಚಿತ್ರಗಳಿಗೆ ‘ತರ್ಕ’ (1989), ‘ನಿಷ್ಕರ್ಷ’ (1993) ಎಂದು ಹೆಸರಿಟ್ಟದ್ದು ಈ ದೃಷ್ಟಿಯಿಂದ ಅರ್ಥಪೂರ್ಣ. ಶಾಸ್ತ್ರದ ಪದಗಳು ಗೋಡೆಯ ಪೋಸ್ಟರ್ ಮೇಲೆ ಬಂದು ನಿಂತು, ನೋಡುವವನ ಕೆಲಸವೇನೆಂದು ಮೊದಲೇ ಹೇಳಿದವು. ಕಾಶೀನಾಥ್ ಅವರ ‘ಅಪರಿಚಿತ’ (1978) ಒಬ್ಬ ವ್ಯಕ್ತಿಯ ಕಡೆಗೆ ಬೆರಳು ತೋರಿತ್ತು. ಈಚಿನ ‘ಯು ಟರ್ನ್’ (2016), ‘ಕವಲುದಾರಿ’ (2019) ರಸ್ತೆಗಳ ಹೆಸರು ಹೊತ್ತಿವೆ. ಅಪರಿಚಿತನಿಂದ ತರ್ಕಕ್ಕೆ, ತರ್ಕದಿಂದ ನಗರದ ದಾರಿಗೆ ಸಾಗಿದ ಈ ಹೆಸರುಗಳ ಚರಿತ್ರೆಯ ಮೇಲೆ ಒಂದು ಸಂಶೋಧನ ಪ್ರಬಂಧವೇ ಬರಬಹುದು.

ಭಾರತೀಯ ಚಿತ್ರದ ಆರಂಭಕ್ಕೆ ರಾಜ್ಯವೂ ಒಬ್ಬ ಸಹಲೇಖಕ. ಪ್ರಮಾಣಪತ್ರ, ತಂಬಾಕಿನ ಎಚ್ಚರಿಕೆ, ದೇವರ ಚಿತ್ರ, ಕೃತಜ್ಞತೆಗಳ ಉದ್ದ ಪಟ್ಟಿ, ಪಾತ್ರಗಳೆಲ್ಲ ಕಾಲ್ಪನಿಕ ಎಂಬ ಹೇಳಿಕೆ ಇವನ್ನೆಲ್ಲ ದಾಟಿ ಕಥೆಗೆ ಬರುವಷ್ಟರಲ್ಲಿ ಯಾವ ಕುತೂಹಲವೂ ತಣ್ಣಗಾದೀತು. ಕಾಲ್ಪನಿಕ ಎಂಬ ಹೇಳಿಕೆಯ ಮೂಲ 1932ರ ‘ರಾಸ್ಪುಟಿನ್ ಅಂಡ್ ದ ಎಂಪ್ರೆಸ್’ ಚಿತ್ರದ ಮೇಲೆ ಹೂಡಲಾದ ಮಾನನಷ್ಟ ಮೊಕದ್ದಮೆಯಲ್ಲಿದೆ. ನಿಜವನ್ನು ಹೇಳುವಾಗಲೂ ಸುಳ್ಳೆಂದು ಘೋಷಿಸುವುದು ಅಲ್ಲಿಂದ ರೂಢಿಯಾಯಿತು. ಕೋಯೆನ್ ಸಹೋದರರು ‘ಫಾರ್ಗೋ’ (1996) ಚಿತ್ರದಲ್ಲಿ ಇದನ್ನು ತಲೆಕೆಳಗು ಮಾಡಿ, 1987ರಲ್ಲಿ ಮಿನಸೋಟಾದಲ್ಲಿ ನಡೆದ ಸತ್ಯಕಥೆಯಿದು ಎಂಬ ಬರಹದಿಂದ ಆರಂಭಿಸಿದರು. ಬರಹವೇ ಕಟ್ಟುಕಥೆ. ಪೀಠಿಕೆಯ ಮಾತನ್ನು ಪ್ರಮಾಣವೆಂದು ಒಪ್ಪುವ ಓದುಗನ ಸ್ವಭಾವಕ್ಕೆ ಅದು ಕೊಟ್ಟ ಪೆಟ್ಟು. ವಿಮಲಸೂರಿಯ ‘ಪಉಮಚರಿಯ’ದಲ್ಲಿ ಶ್ರೇಣಿಕ ಮಹಾರಾಜ ಗೌತಮ ಗಣಧರರ ಬಳಿಗೆ ಹೋಗುವುದು ಇಂಥದೇ ಅನುಮಾನವನ್ನು ಹೊತ್ತು: ಲೋಕದಲ್ಲಿ ಪ್ರಚಲಿತವಾದ ರಾಮಕಥೆಯನ್ನು ನಂಬುವುದು ಹೇಗೆ, ಕಪಿಗಳು ರಾಕ್ಷಸರನ್ನು ಕೊಂದದ್ದು ಸಾಧ್ಯವೇ? ಕೇಳಿಬಂದ ಹೇಳಿಕೆಯನ್ನು ಸಂಶಯಿಸಿ ತನಿಖೆಗೆ ಹೊರಡುವ ಆರಂಭವದು. ಈ ಪರಂಪರೆಯನ್ನು ಕನ್ನಡದಲ್ಲಿ ನಾಗಚಂದ್ರ ಮುಂದುವರಿಸಿದ. ಶ್ರೇಣಿಕನ ಪ್ರಶ್ನೆಯನ್ನು ರೂಢಿಯ ಚೌಕಟ್ಟೆಂದು ಬದಿಗಿಟ್ಟು ನೇರವಾಗಿ ರಾಮನ ಕಥೆಗೆ ಹೋದರೆ ಆ ರಾಮಾಯಣಗಳು ಬರೆಯಲ್ಪಟ್ಟದ್ದು ಏಕೆಂಬುದೇ ಕೈತಪ್ಪುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಶೀರ್ಷಿಕಾ ಭಾಗದ ವಿರುದ್ಧ ನಿಲ್ಲುವ ಒಂದು ಬಲವಾದ ನಿದರ್ಶನವಿದೆ. ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’ (1958) ಚಿತ್ರದ ಮೊದಲ ಮೂರು ನಿಮಿಷಕ್ಕೂ ಹೆಚ್ಚಿನ ಭಾಗ ಎಲ್ಲಿಯೂ ಕತ್ತರಿಸದ ಒಂದೇ ದೃಶ್ಯ. ಒಂದು ಕೈ ಬಾಂಬಿನ ಗಡಿಯಾರವನ್ನು ತಿರುಗಿಸುತ್ತದೆ, ಅದನ್ನು ಕಾರಿನ ಡಿಕ್ಕಿಯಲ್ಲಿಡುತ್ತದೆ. ಕಾರು ಮೆಕ್ಸಿಕೋದ ಗಡಿಪಟ್ಟಣದ ಬೀದಿಗಳಲ್ಲಿ ಸಾಗುತ್ತದೆ. ಪಕ್ಕದಲ್ಲೇ ನವದಂಪತಿಗಳು ನಡೆದು ಬರುತ್ತಿದ್ದಾರೆ. ಪ್ರೇಕ್ಷಕ ಕ್ಷಣಗಳನ್ನು ಎಣಿಸುತ್ತಾನೆ. ಸಂಕಲನದ ಹಂತದಲ್ಲಿ ವೆಲ್ಸ್‌ನ ಕೈಯಿಂದ ಚಿತ್ರವನ್ನು ಕಿತ್ತುಕೊಂಡ ಯೂನಿವರ್ಸಲ್ ಸ್ಟುಡಿಯೋ ಈ ದೃಶ್ಯದ ಮೇಲೆ ಹೆಸರುಗಳನ್ನು ಅಚ್ಚೊತ್ತಿ ಹೆನ್ರಿ ಮನ್ಸೀನಿಯ ಸಂಗೀತವನ್ನು ಹರಿಸಿತು. ಅಕ್ಷರ ಓದುವ ಕಣ್ಣು ಕಾರನ್ನು ಕಳೆದುಕೊಂಡಿತು. ವೆಲ್ಸ್ 58 ಪುಟಗಳ ದೀರ್ಘ ಟಿಪ್ಪಣಿಯಲ್ಲಿ ತನ್ನ ಆಕ್ಷೇಪಗಳನ್ನು ಬರೆದ, ಆಗ ಪ್ರಯೋಜನವಾಗಲಿಲ್ಲ. 1998ರಲ್ಲಿ, ಅವನು ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ, ವಾಲ್ಟರ್ ಮರ್ಚ್ ಅವರು ಆ ಟಿಪ್ಪಣಿಯನ್ನೇ ಆಧಾರವಾಗಿಟ್ಟು ಚಿತ್ರವನ್ನು ಮರುಸಂಕಲನ ಮಾಡಿದರು. ಹಿನ್ನೆಲೆ ಸಂಗೀತದ ಜಾಗದಲ್ಲಿ ಬೀದಿಯ ಮದ್ಯಶಾಲೆಗಳಿಂದಲೂ ಕಾರಿನ ರೇಡಿಯೋದಿಂದಲೂ ತೇಲಿಬರುವ ಹಾಡುಗಳು ಬಂದವು. ತೆರೆ ನಿರ್ಮಲವಾಯಿತು.

ಇದರಿಂದ ಸಿದ್ಧವಾಗುವುದು ಶೀರ್ಷಿಕೆ ಬೇಡವೆಂದಲ್ಲ. ಸ್ಟುಡಿಯೋ ಹೆಸರುಗಳನ್ನು ಬರೀ ಹೆಸರುಗಳೆಂದು ಎಣಿಸಿತ್ತು, ವೆಲ್ಸ್ ಹಾಗೆ ಎಣಿಸಿರಲಿಲ್ಲ. ಮರುಸಂಕಲನದಲ್ಲಿ ಆ ಹೆಸರುಗಳಿಗೆಲ್ಲ ಚಿತ್ರದ ಕೊನೆಯಲ್ಲಿ ಸ್ಥಳ ದೊರೆತಿದೆ. ‘ಸೆವೆನ್’ ಚಿತ್ರದಲ್ಲಿಯೂ ಆರಂಭದಲ್ಲಿ ಅಡಗಿಸಿಟ್ಟ ನಟನ ಹೆಸರು ಪ್ರಕಟವಾಗುವುದು ಕೊನೆಯ ಪಟ್ಟಿಯಲ್ಲಿ, ಅದೂ ಮೊಟ್ಟಮೊದಲಿಗೆ. ಆ ಪಟ್ಟಿ ರೂಢಿಗೆ ವಿರುದ್ಧವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಆದರೆ ಇಂದಿನ ವೇದಿಕೆಗಳಲ್ಲಿ ಕೊನೆಯ ಪಟ್ಟಿ ತೊಡಗುತ್ತಿದ್ದಂತೆಯೇ ತೆರೆ ಕುಗ್ಗಿ ಮೂಲೆಯ ಸಣ್ಣ ಚೌಕವಾಗುತ್ತದೆ, ಉಳಿದ ಜಾಗದಲ್ಲಿ ಮತ್ತೊಂದು ಚಿತ್ರದ ಜಾಹೀರಾತು ಮೂಡಿ ಕ್ಷಣಗಣನೆ ಆರಂಭವಾಗಿರುತ್ತದೆ.